999: ಒಬ್ಬನೇ ನಟನ ಸಂಖ್ಯೆ

ಬ್ರೂಸ್ ಗೆಲ್ಲರ್ ರೂಪಿಸಿ, ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 1966ರಿಂದ 1973ರವರೆಗೆ ಪ್ರಸಾರವಾದ ‘ಮಿಷನ್: ಇಂಪಾಸಿಬಲ್’ ಗೂಢಚಾರ ಧಾರಾವಾಹಿಗೆ ನಾಯಕನೆಂದರೆ ಒಂದು ತಂಡವೇ ಆಗಿತ್ತು. ವೇಷಗಾರ, ಯಂತ್ರ ಬಲ್ಲವನು, ಬಲಶಾಲಿ ಮುಂತಾದವರು ಕೂಡಿ ಒಪ್ಪಿಸಿದ ಕೆಲಸವನ್ನು ಮುಗಿಸುತ್ತಿದ್ದರು. ಮೊದಲ ವರ್ಷ ಮುಖ್ಯಸ್ಥನಾಗಿದ್ದ ಸ್ಟೀವನ್ ಹಿಲ್ ಹೋಗಿ ಪೀಟರ್ ಗ್ರೇವ್ಸ್ ಬಂದರೂ ಕಥೆಗೆ ಕುಂದು ಬರಲಿಲ್ಲ. 1996ರಲ್ಲಿ ಬ್ರಯನ್ ಡಿ ಪಾಮಾ ಅದನ್ನು ಸಿನಿಮಾಕ್ಕೆ ತಂದಾಗ, ಗ್ರೇವ್ಸ್ ನಿರ್ವಹಿಸಿದ್ದ ಮುಖ್ಯಸ್ಥ ಫೆಲ್ಪ್ಸ್‌ನ ಪಾತ್ರವೇ ದ್ರೋಹಿಯದಾಯಿತು. ಅಲ್ಲಿಂದ 2025ರವರೆಗಿನ ಎಂಟು ಚಿತ್ರಗಳೂ ಟಾಮ್ ಕ್ರೂಸ್ ಒಬ್ಬರ ಮೇಲೆಯೇ ನಿಂತವು. ಲ್ಯಾಲೊ ಶಿಫ್ರಿನ್ ರಚಿಸಿದ ಐದು ಎಣಿಕೆಯ ಶೀರ್ಷಿಕೆ ಸಂಗೀತ ಮಾತ್ರ ಧಾರಾವಾಹಿಯಿಂದ ಚಿತ್ರಕ್ಕೆ, ಚಿತ್ರದಿಂದ ಚಿತ್ರಕ್ಕೆ ನಡೆದುಬಂತು.

ಒಬ್ಬ ನಟನನ್ನೇ ನೆಚ್ಚಿದ ಇಂಥ ಗೂಢಚಾರ ಸರಣಿ ಕನ್ನಡದಲ್ಲಿ ಅದಕ್ಕೂ ಬಹಳ ಮೊದಲೇ ಕಾಣಿಸಿಕೊಂಡಿತ್ತು. ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ 1968ರಲ್ಲಿ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ 1969ರಲ್ಲಿ, ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ 1978ರಲ್ಲಿ ತೆರೆಕಂಡವು. ಜೇಮ್ಸ್ ಬಾಂಡ್ ಚಿತ್ರಗಳ ಪ್ರೇರಣೆ ಅವುಗಳಲ್ಲಿ ಸ್ಪಷ್ಟವಾಗಿದ್ದರೂ, ನಾಲ್ಕರಲ್ಲಿಯೂ 999 ಎಂಬ ಸಂಖ್ಯೆಯ ಗೂಢಚಾರನಾಗಿ ನಟಿಸಿದ ರಾಜ್‌ಕುಮಾರ್ ಅವರಿಂದಾಗಿ ಅವು ಬೇರೆಯದೇ ಬಗೆಯ ಚಿತ್ರಗಳಾದವು. 1954ರ ‘ಬೇಡರ ಕಣ್ಣಪ್ಪ’ದಿಂದ ಭಕ್ತರ, ಪುರಾಣಪುರುಷರ ಪಾತ್ರಗಳಲ್ಲಿ ಜನ ಕಂಡಿದ್ದ ನಟನೇ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಜಿ.ಕೆ. ವೆಂಕಟೇಶ್ ಅವರ ಪಾಶ್ಚಾತ್ಯ ವಾದ್ಯಮೇಳದ ನಡುವೆ ಓಡಾಡಿದಾಗ, ಕನ್ನಡ ಮಾತನಾಡುವ ಆಧುನಿಕ ನಾಗರಿಕನೊಬ್ಬ ಹೇಗಿರಬಹುದೆಂಬ ಕಲ್ಪನೆಗೆ ತೆರೆಯ ಮೇಲೆ ಒಂದು ರೂಪ ಸಿಕ್ಕಿತು. ರಾಜ್‌ಕುಮಾರ್ ಅವರ ಕುರಿತ ಬರವಣಿಗೆ ‘ಮಯೂರ’, ‘ಬಂಗಾರದ ಮನುಷ್ಯ’ಗಳಿಗೆ ಕೊಡುವ ಗೌರವದಲ್ಲಿ ಒಂದು ಪಾಲನ್ನಾದರೂ ಈ ನಾಲ್ಕು ಚಿತ್ರಗಳಿಗೆ ಕೊಡದಿರುವುದು ನ್ಯಾಯವಲ್ಲ.

‘ಮಿಷನ್: ಇಂಪಾಸಿಬಲ್’ನಂತೆ ಕನ್ನಡದ ಗೂಢಚಾರ ದೂರದರ್ಶನದಿಂದ ಬರುವಂತೆಯೂ ಇರಲಿಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗ 1975ರ ಆಗಸ್ಟ್‌ನಿಂದ ಒಂದು ವರ್ಷ ವಿಜಾಪುರ, ರಾಯಚೂರು, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಯಿತಾದರೂ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣ ತಾಲ್ಲೂಕು ವಿಜಾಪುರ, ರಾಯಚೂರುಗಳ ಗಡಿಗೆ ಹೊಂದಿಕೊಂಡಿದ್ದೂ ಆ ಪ್ರಯೋಗದ ಹೊರಗುಳಿಯಿತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹೀಗಾಗಿ ರೋಣ ತಾಲ್ಲೂಕಿನ ಮುಶಿಗೇರಿಯಂಥ ಊರಿನವರಿಗೆ 999 ಮನೆಯೊಳಗಿನ ಪೆಟ್ಟಿಗೆಯಲ್ಲಿ ವಾರವಾರ ಬಂದುಹೋಗುವ ಪರಿಚಿತನಾಗಿರದೆ, ಟಾಕೀಸಿನ ದೊಡ್ಡ ತೆರೆಯ ಮೇಲೆ ಮಾತ್ರ ಸಿಗುವವನಾಗಿದ್ದ.

ಸಂಖ್ಯೆಯೆಂಬುದು ಹುದ್ದೆಯ ಗುರುತು; ಹುದ್ದೆ ಕೈಬದಲಾಗುತ್ತದೆ. ಜೇಮ್ಸ್ ಬಾಂಡ್‌ನ 007 ಶಾನ್ ಕಾನರಿಯವರಿಂದ 1969ರಲ್ಲಿ ಜಾರ್ಜ್ ಲೇಜ಼ನ್‌ಬಿಯವರಿಗೆ, 1973ರಲ್ಲಿ ರೋಜರ್ ಮೂರ್ ಅವರಿಗೆ ಬಂತು. ಆದರೆ ಒಂಬತ್ತು ವರ್ಷಗಳ ಬಿಡುವಿನ ಬಳಿಕ ನಾಲ್ಕನೆಯ ಚಿತ್ರ ಮಾಡುವಾಗಲೂ ದೊರೈ-ಭಗವಾನ್ ಬೇರೆ ನಟನನ್ನು ಆರಿಸಲಿಲ್ಲ. ಮುಂದೆ ಶಂಕರ್‌ನಾಗ್ 1988ರಲ್ಲಿ ‘ಎಸ್.ಪಿ. ಸಾಂಗ್ಲಿಯಾನ’, 1989ರಲ್ಲಿ ‘ಸಿ.ಬಿ.ಐ. ಶಂಕರ್’ ಚಿತ್ರಗಳಲ್ಲಿ ಪತ್ತೆ ಕಾರ್ಯ ನಡೆಸಿದಾಗಲೂ ಅವರ ಪಾತ್ರಗಳಿಗೆ ಹೊಸ ಹೆಸರು, ಹೊಸ ಇಲಾಖೆಗಳೇ ಬಂದವು.