ತೊಗೊಳ್ಳೋದ ತೊಗೋತಿ, ದೊಡ್ಡದ ತೊಗೋ ಅನ್ನೋರಿಗೆ

ನಮ್ಮ ಮಂದಿಗೆ ಒಂದ ಚಟ ಅದ ನೋಡ್ರಿ. ಏನ ಖರೀದಿಗೆ ಹೋದ್ರೂ "ತೊಗೊಳ್ಳೋದ ತೊಗೋತಿ, ದೊಡ್ಡದ ತೊಗೊಂಡ ಬಿಡು" ಅನ್ನೋದು. ನಾಲ್ಕ ಮಂದಿ ಇರೋ ಮನಿಗೆ ಹತ್ತ ಲೀಟರಿನ ಕುಕ್ಕರ್. ವರ್ಷಕ್ಕ ಒಂದ ಸಲ ಹೋಳಿಗಿ ಊಟಕ್ಕ ಇಳಿಯೋ ಬೋಗೋಣಿ ಉಳದ ಮುನ್ನೂರಾ ಅರವತ್ತನಾಲ್ಕ ದಿನಾ ಅಟ್ಟದ ಮ್ಯಾಲೆ. ನಾನೂ ಅದ ಜಾತಿಯಾಕಿನ, ಸುಳ್ಳ ಯಾಕ ಹೇಳ್ಲಿ. ಆದ್ರ ಆ ಮಾತ ಕೇಳಿ ನಮ್ಮ ಮಗಳ ಗಿಟಾರು ಎಂಟ ತಿಂಗಳು ಗ್ವಾಡಿಗೆ ಆನಿಸಿ ನಿಂತಿತ್ತು. ಅದಕ್ಕ ಇವತ್ತ ಜಗಳಾ ಆಡೇ ಬಿಡೋಣ ಅಂತ ಕೂತೇನಿ. ವೈನಿ, ಮೌಶಿ, ಬಾಜೂ ಮನಿ ಕಾಕು, ಎಲ್ಲಾರೂ ಓದ್ರಿ. ಸಿಟ್ಟ ಬಂದ್ರ ಸಂಜಿಗೆ ಚಹಾಕ್ಕ ಬಂದು ಬೈರಿ.

ಎಲೆಕ್ಟ್ರಿಕ್ ಗಿಟಾರ್ ಅನ್ನೋದು ಅರ್ಧಾ ವಾದ್ಯ. ವೈರ್ ಹಚ್ಚದ ಬಾರಿಸಿದ್ರ ಸೊಳ್ಳಿ ಗುಂಯ್ ಅಂದಂಗ ಕೇಳಸ್ತದ. ಉಳದ ಅರ್ಧಾ ವಾದ್ಯ ಆ ಡಬ್ಬಿ ಒಳಗ, ಅಂದ್ರ ಆಂಪ್ಲಿಫೈಯರ್ ಒಳಗ ಇರ್ತದ. ನಮ್ಮಾಕಿಗೆ ಟ್ಯೂಬ್ ಆಂಪ್ ಬೇಕಾಗಿತ್ತು. ಮೆಲ್ಲಗ ಮೀಟಿದ್ರ ಗಂಟಿ ಹೊಡದಂಗ ಸ್ವಚ್ಛ ನಾದ, ಅದಕ್ಕ ಕ್ಲೀನ್ ಅಂತಾರ. ಜೋರ ಮೀಟಿದ್ರ ತಟಗು ಒಡದಂಗ, ಚಕ್ಲಿ ಮುರದಂಗ ಒಂದ ಕುರುಕು, ಅದಕ್ಕ ಕ್ರಂಚ್ ಅಂತಾರ. ಎರಡೂ ಒಂದರಾಗ ಬೇಕು ಅಂದ್ಲು. ನನ್ನ ಕಡೆ ಭಿಶಿ ರೊಕ್ಕ ಬಂದಿತ್ತು, ಹೋದ್ವಿ.

ಅಂಗಡಿಯಾವ ಏನಂದ ಅಂತೀರಿ? "ಮೇಡಂ, ನಾಳೆ ಮಗಳು ಸ್ಟೇಜ್ ಮ್ಯಾಲೆ ಬಾರಿಸ್ತಾಳ, 100 ವಾಟಿಂದ ತೊಗೋರಿ, ಮತ್ತ ಮತ್ತ ಕೊಳ್ಳೋದ ಬ್ಯಾಡ." ನಾನು ಅಲ್ಲಿಂದನ ಇಬ್ಬರಿಗೆ ಫೋನ್ ಹಚ್ಚಿದೆ (ಹೆಸರ ಹೇಳೂದಿಲ್ಲ, ಇಬ್ಬರೂ ಇದನ್ನ ಓದ್ತಾರ). ಇಬ್ಬರೂ "ತೊಗೊಳ್ಳೋದ ತೊಗೋತಿ" ಅಂದ್ರು. ಆಟೋದಾಗ ಹೇರಕೊಂಡ ಬಂದ್ವಿ.

ಮನಿಯಾಗ ವಾಲ್ಯೂಮ್ ಒಂದರ ಮ್ಯಾಲೆ ಇಟ್ರ ನಾದ ತೆಳ್ಳಗ, ಸಪ್ಪಗ, ನೀರ ಹಾಕಿದ ಸಾರಿನಂಗ. ಎರಡಕ್ಕ ಒಯ್ದ್ರ ಮಾವನವರು ಕೋಣಿಯಿಂದ ಎದ್ದ ಬರ್ತಿದ್ರು. ಕ್ರಂಚ್ ಬರೋದು ಆರ ಏಳರ ಮ್ಯಾಲೆ. ಆರಕ್ಕ ಅದು ಒಂದ ದಿನಾನೂ ಹೋಗ್ಲಿಲ್ಲ. ಯಾರರ ಒಬ್ಬರು ದಿನಾ ಬೈಯೋರು, ಹೆಚ್ಚಿನ ದಿನಾ ನಾನ. ಹುಡುಗಿ ಕಡೀಕೆ ಬಾರಿಸೋದ ಬಿಟ್ಲು. "ಅಮ್ಮಾ, ನನಗ ಬರೂದಿಲ್ಲ ಅನಸ್ತದ" ಅಂದ್ಲು. ತಪ್ಪು ಡಬ್ಬೀದು, ಹುಡುಗೀದಲ್ಲ ಅಂತ ತಿಳೀಲಿಕ್ಕೆ ನನಗ ಎಂಟ ತಿಂಗಳ ಹಿಡೀತು.

ಈಗ ಟ್ಯೂಬ್ ಅಂದ್ರೇನು ಹೇಳ್ತೇನಿ. ನಮ್ಮ ಅಜ್ಜನ ಮನಿ ರೇಡಿಯೋ ನೆನಪದ ಅಲ್ಲಾ? ಕಿವಿ ತಿರುವಿದ ಮ್ಯಾಲೆ ಅರ್ಧಾ ನಿಮಿಷ ಸುಮ್ಮನಿದ್ದು, ಒಳಗ ಕೆಂಪಗ ಹೊಳದು, ಆಮ್ಯಾಲೆ ಮಾತಾಡ್ತಿತ್ತಲ್ಲಾ, ಅದರ ಒಳಗಿನ ಗಾಜಿನ ವಾಲ್ವೇ ಇದು. ಬೆಂಗಳೂರಿನ ಬಿ.ಇ.ಎಲ್. ನವರೂ ಒಂದ ಕಾಲಕ್ಕ ರೇಡಿಯೋ ವಾಲ್ವ್ ಮಾಡ್ತಿದ್ರು. ಗಿಟಾರ್ ಆಂಪ್ ಒಳಗ ಎರಡ ನಮೂನಿ ವಾಲ್ವ್ ಇರ್ತಾವ. 12ಎಎಕ್ಸ್7 ಅನ್ನೋ ಸಣ್ಣವು ಗಿಟಾರಿನ ಸಣ್ಣ ಸಿಗ್ನಲ್ ಬೆಳಸ್ತಾವ. ಇಎಲ್84, 6ವಿ6, 6ಎಲ್6, ಇಎಲ್34 ಅನ್ನೋ ದೊಡ್ಡವು ಸ್ಪೀಕರಿಗೆ ಕಸುವು ಕೊಡ್ತಾವ. ವಾಲ್ವಿಗೆ ಅದರ ಶಕ್ತಿ ಮೀರಿ ಕೆಲಸಾ ಹಚ್ಚಿದ್ರ ನಾದದ ತೆರಿ ತಲಿ ಚಪ್ಪಟಿ ಆಗ್ತದ, ಅದೂ ಒಮ್ಮೆಲೇ ಕತ್ತರಿಸಿದಂಗಲ್ಲ, ಮೆಲ್ಲಕ ದುಂಡಗ. ಆಗ ಮೂಲ ಸ್ವರದ ಮ್ಯಾಲೆ ಹೊಸಾ ಹೊಸಾ ಉಪಸ್ವರ ಹುಟ್ಟತಾವ. ಕ್ರಂಚ್ ಅಂದ್ರ ಇಷ್ಟ.

ನಮ್ಮ ಅತ್ತಿಯವರು "ಇದೇನ ಹರಕ ಸ್ಪೀಕರ್" ಅಂತಿದ್ರು. ಅತ್ತಿ ತಂಬೂರಿ ಕೇಳಿ ಬೆಳದವರು. ನಾ ಅವರಿಗೆ ಕೇಳಿದೆ, ತಂಬೂರಿ ತಂತಿ ಬುಡಕ, ಕುದುರಿ ಮ್ಯಾಲೆ ಒಂದ ನೂಲಿನ ಎಳಿ ಸರಿಸಿ ಜವಾರಿ ಕೂಡಸ್ತಾರಲ್ಲಾ, ಯಾಕ? ಆ ಎಳಿ ತಗದ್ರ ತಂಬೂರಿ ಸತ್ತಂಗ. ಆ ಝೇಂಕಾರ ಉಪಸ್ವರದ್ದ. ಹಾದಿ ಬ್ಯಾರೆ, ಕಿವಿಗೆ ಸಿಗೋ ಸುಖ ಅದ. ಅತ್ತಿ ಏನೂ ಅನ್ನಲಿಲ್ಲ, ಆದ್ರ ಹರಕ ಅನ್ನೋದ ಬಿಟ್ರು.

ಈಗ ವಾಟಿನ ಮೋಸಕ್ಕ ಬರೋಣ. 100 ವಾಟ್ ಅಂದ್ರ 50 ವಾಟಿನ ಎರಡ ಪಟ್ಟ ಜೋರು ಅಂತ ನೀವೂ ತಿಳದೀರಿ, ನಾನೂ ತಿಳದಿದ್ದೆ. ಅಲ್ರಿ! ಫರಕು ಬರೇ 3 ಡೆಸಿಬಲ್. ಕಿವಿಗೆ ಎರಡ ಪಟ್ಟು ಅನಸ್ಬೇಕಂದ್ರ ಸುಮಾರು 10 ಡೆಸಿಬಲ್ ಬೇಕು, ಅಂದ್ರ ವಾಟ್ ಹತ್ತ ಪಟ್ಟ ಆಗ್ಬೇಕು. 5 ವಾಟಿನ ಆಂಪಿಗಿಂತ 50 ವಾಟಿಂದು ಎರಡ ಪಟ್ಟ ಜೋರು, ಅಷ್ಟ. ಮತ್ತ ಗಿಟಾರ್ ಸ್ಪೀಕರ್ ಅಂದ್ರ ಭಾಳ ಬಾಯಿಬಡಕ ಸಾಮಾನು. ಬರೇ 1 ವಾಟ್ ಕೊಟ್ರೂ ಒಂದ ಮೀಟರ್ ದೂರದಾಗ 97, 98 ಡೆಸಿಬಲ್ ಕೊಡೋವು ಎಷ್ಟೋ ಅದಾವ. ಎದುರಿಗೆ ನಿಂತು ಮಿಕ್ಸಿ ತಿರುವಿದ್ದಕ್ಕಿಂತ ಜೋರು. ಒಂದ ವಾಟಿಗೆ ಇಷ್ಟಂದ್ರ ನಮ್ಮ ಪಡಸಾಲ್ಯಾಗ ನೂರ ವಾಟ್ ಏನ ಮಾಡಬೇಕಿತ್ತ ಹೇಳ್ರಿ?

ಆ ನೂರರ ಕಥಿ ಕೇಳಿದ್ರ ನಗು ಬರ್ತದ. ಇಂಗ್ಲೆಂಡಿನ ವೋಕ್ಸ್ ಕಂಪನಿ 1950ರ ದಶಕದ ಕಡೀಕೆ ಎಸಿ15 ಅಂತ 15 ವಾಟಿನ ಆಂಪ್ ಮಾಡ್ತು. ಆಗಿನ ಮಂದಿಗೆ ಅದ ಸಾಕಾಗಿತ್ತು. ಸಭಾ ದೊಡ್ಡವಾದ್ವು, ಹುಡುಗೂರ ಕಿರಚ್ಯಾಟ ಹೆಚ್ಚಾತು, 30 ವಾಟಿನ ಎಸಿ30 ಬಂತು. ಬೀಟಲ್ಸ್ ಬಾರಿಸಿದ್ದು ಅದನ್ನ. ಆಮ್ಯಾಲೆ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಗೆ 'ದ ಹೂ' ತಂಡದವರು ಬಂದು ಇನ್ನೂ ಜೋರಿಂದ ಬೇಕು ಅಂದ್ರು, 1965ರ ಸುಮಾರಿಗೆ 100 ವಾಟ್ ಹುಟ್ಟಿತು. ಆಗ ಆಂಪಿನ ಮುಂದ ಮೈಕ್ ಇಟ್ಟು ದೊಡ್ಡ ಸ್ಪೀಕರಿಗೆ ಕಳಸೋ ಪದ್ಧತಿ ಇನ್ನೂ ಸರಿಯಾಗಿ ಬಂದಿರಲಿಲ್ಲ, ಇಡೀ ಸಭಾಕ್ಕ ಆ ಡಬ್ಬಿನ ಒದರಬೇಕಾಗಿತ್ತು. ಈಗ ಎಂಥಾ ದೊಡ್ಡ ಸ್ಟೇಜಿದ್ರೂ 15 ವಾಟಿನ ಆಂಪಿನ ಮುಂದ ಮೈಕ್ ಇಟ್ರ ಮುಗೀತು. ಅಂಗಡಿಯಾವ ಹೇಳಿದ "ನಾಳಿನ ಸ್ಟೇಜ್" ಅರವತ್ತ ವರ್ಷದ ಹಿಂದಿನ ಸ್ಟೇಜ್!

ದೊಡ್ಡ ವಾಟಿಗೆ ಅರ್ಥಾನ ಇಲ್ಲಂತಲ್ಲ, ಅಷ್ಟ ಹಟಮಾರಿ ನಾನಲ್ಲ. ಫೆಂಡರ್ ಟ್ವಿನ್ ರಿವರ್ಬ್ ಅಂತ ಒಂದದ, 85 ವಾಟ್, ನಾಲ್ಕ 6ಎಲ್6. ಎಷ್ಟ ಜೋರ ಇಟ್ರೂ ಕ್ಲೀನ್ ಇರ್ತದ ಅಂತನ ಅದು ಪ್ರಸಿದ್ಧ. ಆದ್ರ ಅದರ ತೂಕಾ ಸುಮಾರು 29 ಕಿಲೋ, ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ಮತ್ತ ಅದರಿಂದ ಕ್ರಂಚ್ ತಗೀಬೇಕಂದ್ರ ಓಣಿನ ಖಾಲಿ ಮಾಡಿಸ್ಬೇಕು. ಬರೇ ಕ್ಲೀನ್ ಸಾಕು ಅನ್ನೋರಿಗೆ ಟ್ಯೂಬ್ ಯಾಕ ಬೇಕು? ಕ್ಲೀನ್ ನಾದಕ್ಕ ಎಲ್ಲಾರೂ ಹೆಸರ ಹೇಳೋ ರೋಲ್ಯಾಂಡ್ ಜೆಸಿ-120 ಒಳಗ ವಾಲ್ವ ಇಲ್ಲ, 1975ರಿಂದ ಟ್ರಾನ್ಸಿಸ್ಟರ್ ಮ್ಯಾಲೆನ ನಡದದ. ಅದರ ಸಣ್ಣ ತಮ್ಮಂದಿರೂ ಸಿಗ್ತಾರ, ಅಗ್ಗಾನೂ ಹೌದು. ಮಗ "ನನಗ ಕ್ಲೀನ್ ಅಷ್ಟ ಸಾಕು" ಅಂದ್ರ ಟ್ರಾನ್ಸಿಸ್ಟರಿಂದ ಕೊಡಸ್ರಿ, ಉಳದ ರೊಕ್ಕದಾಗ ನೀವೊಂದ ಇಳಕಲ್ ಸೀರಿ ತೊಗೋರಿ.

ಎರಡೂ ಬೇಕಂದಾಗ ಮಾತ್ರ ಟ್ಯೂಬು, ಅದೂ ಸಣ್ಣದು. ಮನಿಯೊಳಗ ಒಬ್ಬಾಕಿನ ಬಾರಿಸೋದಿದ್ರ 5 ವಾಟ್, ಹೆಚ್ಚಿಗೆ ಬ್ಯಾಡ. ಹಳೇ ಫೆಂಡರ್ ಚಾಂಪ್ ಇದ ನಮೂನಿದು: ಒಂದ 6ವಿ6, 8 ಇಂಚಿನ ಸ್ಪೀಕರ್, ಮುಗೀತು. ಡ್ರಮ್ ಬಾರಿಸೋರ ಜೋಡಿ ಕೂಡೋದಿದ್ರ 15ರಿಂದ 22 ವಾಟ್. ಯಾಕಂದ್ರ ಡ್ರಮ್ಮಿನ ಮುಂದ 5 ವಾಟ್ ಕ್ಲೀನ್ ಉಳಿಯೂದಿಲ್ಲ, ಒದರಲಿಕ್ಕೆ ಹೋಗಿ ಕ್ರಂಚ್ ಆಗೇ ಬಿಡ್ತದ. ಇಎಲ್84 ಇದ್ದದ್ದು ತಟಗು ಮಿಂಚ್ತದ, 6ವಿ6 ದುಂಡಗ ಬೆಚ್ಚಗ ಇರ್ತದ ಅಂತಾರ. ನನ್ನ ಕಿವಿಗೆ ಅಷ್ಟ ತಿಳಿಯೂದಿಲ್ಲ, ಮಗಳಿಗೆ ತಿಳೀತದ.

"ಒಂದ ಚಾನೆಲ್ ಇದ್ದದ್ರಾಗ ಎರಡ ನಾದ ಹೆಂಗ?" ಅಂತ ಅಂಗಡಿಯಾವ ನಮ್ಮನ್ನ ಹೆದರಿಸಿದ್ದ. ಗಿಟಾರಿನ ಮ್ಯಾಲೆನ ಒಂದ ವಾಲ್ಯೂಮ್ ಗುಬಟಿ ಇರ್ತದ. ಆಂಪನ್ನ ಕ್ರಂಚ್ ಬರೋ ಮಟ್ಟಕ್ಕಿಟ್ಟು ಗಿಟಾರಿನ ಗುಬಟಿ ಹತ್ತರಿಂದ ಐದಕ್ಕ ಇಳಿಸಿದ್ರ ಅದ ಆಂಪ್ ಕ್ಲೀನ್ ಆಗ್ತದ. ಮತ್ತ ಏರಿಸಿದ್ರ ಕುರುಕು ತಿರುಗಿ ಬರ್ತದ. ಒಲಿ ಉರಿ ಸಣ್ಣದು ದೊಡ್ಡದು ಮಾಡಿದಂಗ. ಒಂದ ಒಗ್ಗರಣಿಗೆ ಎರಡ ಒಲಿ ಯಾರ ಹಚ್ತಾರ? ಚಾನೆಲ್ ಹೆಚ್ಚಿದ್ದಷ್ಟು, ಗುಂಡಿ ಹೆಚ್ಚಿದ್ದಷ್ಟು ರೊಕ್ಕ ಗುಂಡಿಗೆ ಹೋಗ್ತದ, ಸ್ಪೀಕರಿಗೆ ಮತ್ತ ಟ್ರಾನ್ಸ್‌ಫಾರ್ಮರಿಗೆ ಉಳಿಯೂದಿಲ್ಲ.

ಒಂದ ಮಾತು ಖರೇ ಹೇಳ್ಬೇಕು: 5 ವಾಟೂ ಪೂರ್ತಿ ಏರಿಸಿದ್ರ ಮನಿಯಾಗ ಜೋರನ. ಅದಕ್ಕ ಕಾಕು, ನಿಮ್ಮ ಜೋಡಿ ಆದ ಕರಾರು ಹಂಗ ನಡೀಲಿ, ಕ್ರಂಚ್ ಸಂಜಿ ಐದರಿಂದ ಆರರ ತನಕ, ಉಳದ ಹೊತ್ತಿನಾಗ ಕ್ಲೀನ್.

ಅಮೆರಿಕಾದಾಗ ಮಕ್ಕಳಿದ್ದವರಿಗೂ ಒಂದ ಮಾತು. "ಅಲ್ಲಿ ಅಗ್ಗ, ತರಸ್ತೇನಿ" ಅಂತ ಹೊರಡಬ್ಯಾಡ್ರಿ. ಅಲ್ಲಿದು 120 ವೋಲ್ಟ್, ನಮ್ಮದು 230. ಹಿಂದಿನ ಪಟ್ಟಿ ಓದದ ಸೀದಾ ಪ್ಲಗ್ಗಿಗೆ ಹಚ್ಚಿದ್ರ ಸುಟ್ಟ ಹೋಗೋದ ನಕ್ಕಿ. ಮೂರನೇ ಪಿನ್ ಕಿತ್ತ ಹಾಕೋ ಚಟಾ ಇದ್ರಾಗ ಬ್ಯಾಡ, ಅರ್ಥಿಂಗ್ ಬೇಕ ಬೇಕು. ಸ್ಪೀಕರ್ ವೈರ್ ಕಿತ್ತಿದ್ದಾಗ ಚಾಲೂ ಮಾಡಬಾರದು, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗ್ತದ. ಧೂಳ ಝಾಡಸ್ತೇನಿ ಅಂತ ಹಿಂದಿನ ಹಲಗಿ ಬಿಚ್ಚಲೇ ಬ್ಯಾಡ್ರಿ, ಪ್ಲಗ್ ತಗದ ಮ್ಯಾಲೂ ಒಳಗ ನೂರಾರ ವೋಲ್ಟ್ ಉಳದಿರ್ತದ. ವಾಲ್ವ್ ಸವೀತಾವ, ಕೆಲವ ವರ್ಷಕ್ಕ ಬದಲಿ ಮಾಡಸೋ ಖರ್ಚ ಮೊದಲ ಹಿಡಕೊಂಡಿರ್ರಿ.

ಇನ್ನ ಕಡೀ ಜಗಳಾ. "ಹೆಣ್ಣ ಹುಡುಗಿಗೆ ಅಷ್ಟ ರೊಕ್ಕದ ಡಬ್ಬಿ ಯಾಕ, ನಾಳೆ ಗಂಡನ ಮನಿಗೆ ಒಯ್ತಾಳೇನು" ಅಂದವರಿಗೆ. ಹೌದ್ರಿ, ಒಯ್ತಾಳ. ಈಗಿನದು ಒಂದ ಕೈಯಾಗ ಎತ್ತೋ ಅಷ್ಟ ಹಗುರದ. ನೀವ ನನ್ನ ಜೋಡಿ ಕಳಿಸಿದ ತಾಮ್ರದ ಹಂಡೆ ಹೊರಲಿಕ್ಕೆ ಇಬ್ಬರ ಬೇಕಾಗಿತ್ತು, ಒಂದ ದಿನಾನೂ ನೀರ ಕಾಯಿಸಿಲ್ಲ.

ದೊಡ್ಡದನ್ನ ಅರ್ಧಾ ಬೆಲಿಗೆ ಹುಬ್ಬಳ್ಳಿ ಹುಡುಗನೊಬ್ಬಗ ಮಾರಿದ್ವಿ. ಎರಡನೇ ಸಲ ಕೊಳ್ಳಲಿಕ್ಕೆ ಹೋದಾಗ ಮಗಳು ತನ್ನ ಗಿಟಾರನ್ನ ಒಯ್ದಿದ್ಲು. ಅಂಗಡಿಯಾವನ ಗಿಟಾರ್ ಮುಟ್ಟಲಿಲ್ಲ, ಆಂಪಿನ ಗುಂಡಿ ಅವನ ಕೈಗೆ ಕೊಡಲಿಲ್ಲ. ನಾ ಬಾಗಲದಾಗ ನಿಂತು, ಅತ್ತಿ ಕೋಣಿ ಎಷ್ಟ ದೂರ ಅದನೋ ಅಷ್ಟ ದೂರದಿಂದ ಕೇಳಿದೆ. ಮೂರ ಬಾರಿಸಿ ನೋಡಿ ನಾಲ್ಕನೇದು ಆರಿಸಿದ್ಲು: 5 ವಾಟ್, ಒಂದ 6ವಿ6, 10 ಇಂಚಿನ ಸ್ಪೀಕರ್, ಮೂರ ಗುಬಟಿ. ಭಿಶಿ ರೊಕ್ಕದಾಗ ತಟಗು ಉಳೀತು. ಈಗ ಗಿಟಾರು ಗ್ವಾಡಿಗೆ ನಿಂದ್ರೂದಿಲ್ಲ. ನಿನ್ನೆ ಐದೂವರಿಗೆ ನಾ ಶೇಂಗಾ ಹುರೀಲಿಕ್ಕೆ ನಿಂತಿದ್ದೆ, ಅತ್ತಿ ಕೋಣಿಯಿಂದ ಕೂಗಿದ್ರು. ಸಾಕ ಮಾಡು ಅಂತಾರ ಅನಕೊಂಡೆ. "ಆ ಕುರುಕಿಂದ ಇನ್ನೊಂದ ಸಲ ಬಾರಿಸಲಾ" ಅಂದ್ರು.