ಮಂಗಳೂರಿನ ಕಂಚಿನ ಕಾರ್ಖಾನೆ

ಮಧ್ಯಯುಗದ ಚರಿತ್ರೆ ಅಂದ್ರೆ ನಮಗೆಲ್ಲ ರಾಜರು, ಯುದ್ಧಗಳು, ಇಸವಿಗಳು ಅಷ್ಟೇ. ಆದರೆ ಕೈರೋದ ಹಳೇ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ಸಿಕ್ಕ ಕಾಗದಗಳ ರಾಶಿಯಲ್ಲಿ ನಮ್ಮ ಮಂಗಳೂರೂ ಇದೆ. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಹೆಚ್ಚುಕಡಿಮೆ ಈ ಕರಾವಳಿಯಲ್ಲೇ ಇದ್ದ. ಏಡನ್‌ನ ಗೆಳೆಯರು ಹಳೇ ತಾಮ್ರ, ಒಡೆದ ಪಾತ್ರೆಗಳನ್ನು ಹಡಗಲ್ಲಿ ಕಳಿಸುತ್ತಿದ್ದರು. ಅವನ ಕಾರ್ಖಾನೆಯಲ್ಲಿ ಅವು ಹೊಸ ಪಾತ್ರೆಗಳಾಗುತ್ತಿದ್ದವು. ರೀಸೈಕ್ಲಿಂಗ್, ಔಟ್‌ಸೋರ್ಸಿಂಗ್ ಎರಡೂ ಆಗಲೇ ಇತ್ತು ನೋಡಿ!

ಹಾಗಂತ ಇದನ್ನು ಸೌಹಾರ್ದದ ಸಿಹಿಕಥೆ ಮಾಡೋದು ಬೇಡ. ಅವನು 1132ರಲ್ಲಿ ಬಿಡುಗಡೆ ಮಾಡಿದ ಆಶು ಎಂಬಾಕೆ ಅದುವರೆಗೆ ಅವನ ದಾಸಿ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡ ಬೊಮ್ಮನೂ ದಾಸನೇ.

ಆದರೂ ಆ ವ್ಯಾಪಾರ ನಿಂತಿದ್ದು ನಂಬಿಕೆಯ ಮೇಲೆ. ಯಹೂದಿ, ಮುಸ್ಲಿಂ, ಹಿಂದೂ ವ್ಯಾಪಾರಿಗಳು ಸಮುದ್ರದಾಚೆಗೂ ಲೆಕ್ಕ ಇಟ್ಟು, ಮಾತು ಉಳಿಸಿಕೊಂಡರು. ನಮ್ಮ ಕ್ಯಾಂಪಸ್ಸಿನಲ್ಲಿ ಪ್ರಾಜೆಕ್ಟ್ ಟೀಮ್ ಕಟ್ಟುವಾಗಲೂ "ಅವನು ನಮ್ಮ ಕಡೆಯವನಾ?" ಅನ್ನೋ ಪ್ರಶ್ನೆ ಬರುತ್ತೆ. ಮುಂದಿನ ಸೆಮಿಸ್ಟರಿಗೆ ಆ ಪ್ರಶ್ನೆ ಬಿಟ್ಟು, "ಕೆಲಸ ಬರುತ್ತಾ, ಮಾತಿಗೆ ನಿಲ್ತಾನಾ?" ಅಂತ ಮಾತ್ರ ಕೇಳೋಣ.