ಹೊಸ ಪೋಷಕರಿಗೆ ಸ್ಕೌಟ್ ದಳವನ್ನು ಪರಿಚಯಿಸಬೇಕಾದವರು ಯಾರು?

ಈ ಸಲದ ಬೋಧನಾಭ್ಯಾಸದ ಅವಧಿಯಲ್ಲಿ ಶರಾವತಿ ಹಿನ್ನೀರಿನ ಆಚೆ, ಸಿಗಂದೂರಿನ ಕಡೆಯ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ಅಂದು ಮಧ್ಯಾಹ್ನ ಅಲ್ಲಿನ ಸ್ಕೌಟ್ ದಳಕ್ಕೆ ಹೊಸದಾಗಿ ಸೇರಿದ ಮಕ್ಕಳ ಪೋಷಕರ ಸಭೆ ಇತ್ತು. ಸಭೆ ನಡೆಸುವ ಕೆಲಸವನ್ನು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರಿಗೆ ಒಪ್ಪಿಸಿದ್ದರು. ಅವರ ಸಿದ್ಧತೆ ಚೆನ್ನಾಗಿತ್ತು. ಬೇಡನ್ ಪೊವೆಲ್ ಅವರ ಚಿತ್ರ, ಪ್ರತಿಜ್ಞೆ ಮತ್ತು ನಿಯಮಗಳ ಚಾರ್ಟು, ಪ್ರವೇಶದಿಂದ ರಾಷ್ಟ್ರಪತಿ ಪುರಸ್ಕಾರದವರೆಗಿನ ಮೆಟ್ಟಿಲುಗಳ ವಿವರ ಎಲ್ಲವೂ ಇದ್ದವು. ಮೂವತ್ತೈದು ನಿಮಿಷ ಮಾತಾಡಿದರು. "ನಮ್ಮ ದಳವನ್ನು ಮಕ್ಕಳೇ ನಡೆಸುತ್ತಾರೆ" ಎಂಬ ಮಾತು ಮೂರು ಸಲ ಬಂತು. ಅಷ್ಟು ಹೊತ್ತೂ ದಳದ ಎಂಟು ಹುಡುಗರು ಸಮವಸ್ತ್ರ ತೊಟ್ಟು, ಕೈಕಟ್ಟಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಬಂದವರಿಗೆ ನೀರು ಕೊಟ್ಟಿದ್ದು, ಕೊನೆಯಲ್ಲಿ ಚಪ್ಪಾಳೆ ತಟ್ಟಿದ್ದು, ಇಷ್ಟೇ ಅವರ ಪಾಲಿನ ಕೆಲಸ.

ವೀಕ್ಷಣಾ ಪಟ್ಟಿಯಲ್ಲಿ ಅಂಕ ಹಾಕುವಾಗ ಕೈ ತಡೆಯಿತು. ಅವರು ಮಾಡಿದ್ದು ಹಿಂದೊಮ್ಮೆ ನಾನೇ ಮಾಡಿದ್ದ ತಪ್ಪು. ಆ ತಪ್ಪಿನ ಬೆಲೆಯನ್ನು ಒಬ್ಬ ಹುಡುಗ ತೆತ್ತಿದ್ದ. ಅದನ್ನು ಇಲ್ಲಿ ಬರೆಯುವುದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದುಕೊಂಡಿದ್ದೇನೆ.

ಕಾಲೇಜಿಗೆ ಬರುವ ಮೊದಲು ನಾನು ಆ ಭಾಗದ ಇನ್ನೊಂದು ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೆ. ಮನೆ ಸಾಗರದಲ್ಲಿ, ಶಾಲೆ ಹೊಳೆಯಾಚೆ. ದಿನವೂ ಲಾಂಚ್ ದಾಟಬೇಕಿತ್ತು. ಕಡೆಯ ಲಾಂಚ್ ತಪ್ಪಿದರೆ ರಾತ್ರಿ ಅಲ್ಲೇ ಉಳಿಯಬೇಕು. ಆದ್ದರಿಂದ ನನ್ನ ಪೋಷಕರ ಸಭೆಗಳಲ್ಲಿ ಭಾಷಣಕ್ಕೆ ಸಮಯವಿರುತ್ತಿತ್ತು, ಪ್ರಶ್ನೆಗೆ ಇರುತ್ತಿರಲಿಲ್ಲ. ದಳ ಕಟ್ಟಿದ ಮೊದಲ ವರ್ಷ ಸಮವಸ್ತ್ರದ ಖರ್ಚು, ಶಿಸ್ತು, ಮುಂದೆ ಸಿಗುವ ಪ್ರಮಾಣಪತ್ರ ಎಲ್ಲವನ್ನೂ ಹೇಳಿ, "ಮಕ್ಕಳು ನಾಯಕತ್ವ ಕಲಿಯುತ್ತಾರೆ" ಎಂದು ಮುಗಿಸಿ ಚೀಲ ಹೆಗಲಿಗೇರಿಸಿದ್ದೆ. ನಾಯಕತ್ವ ಕಲಿಯುವುದೆಂದರೆ ಏನೇನು ಆಗುತ್ತದೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಒಂದೆರಡು ತಿಂಗಳ ಮೇಲೆ ಶಾಲೆಯ ಮೈದಾನದಲ್ಲೇ ಒಂದು ರಾತ್ರಿಯ ಶಿಬಿರ ಮಾಡಿದೆವು. ಪ್ರತಿ ಪಟ್ರೋಲೂ ತನ್ನ ಅಡುಗೆ ತಾನೇ ಮಾಡಿಕೊಳ್ಳಬೇಕು. ಹೊಸಬರೇ ಹೆಚ್ಚಿದ್ದ ಒಂದು ಪಟ್ರೋಲಿಗೆ ಒಂಬತ್ತನೇ ತರಗತಿಯ ಹುಡುಗ ಲೀಡರ್. ಸೌದೆ ಹಸಿಯಾಗಿತ್ತು. ಒಲೆ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ರಾತ್ರಿ ಒಂಬತ್ತೂವರೆಯಾದರೂ ಅಕ್ಕಿ ಬೆಂದಿರಲಿಲ್ಲ. ಯಾರೋ ಮನೆಗೆ ಸುದ್ದಿ ಮುಟ್ಟಿಸಿದರು. ಅರ್ಧ ಗಂಟೆಯಲ್ಲಿ ಇಬ್ಬರು ಅಪ್ಪಂದಿರು, ಒಬ್ಬರು ತಾಯಿ ಬೈಕಿನಲ್ಲಿ ಬುತ್ತಿ ತಂದರು. "ಮಕ್ಕಳು ಉಪವಾಸ ಕೂತಿದಾವೆ, ನೀವೇನ್ ಮಾಡ್ತಿದ್ರಿ ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆ. ಆಮೇಲೆ ಆ ಲೀಡರನ ಕೈಯಿಂದ ಸೌಟು ತೆಗೆದುಕೊಂಡು ಬಿಸಿಯೂಟದ ಅಡುಗೆಯವರಿಗೆ ಕೊಟ್ಟೆ. ಅವನ ಪಟ್ರೋಲಿನ ಮಕ್ಕಳು ಮನೆಯ ಬುತ್ತಿ ಬಿಚ್ಚಿ ಉಂಡರು. ಅವನು ಒಲೆಯ ಹತ್ತಿರವೇ ಕೂತಿದ್ದ.

ಮುಂದಿನ ವಾರ ಅವನು ದಳಕ್ಕೆ ಬರಲಿಲ್ಲ. ಮನೆಗೆ ಹೋಗಿ ಕರೆದೆ, ಆಗಲೂ ಬರಲಿಲ್ಲ. "ಬ್ಯಾಡ ಸರ್" ಅಂದ, ಅಷ್ಟೇ.

ಬುತ್ತಿ ತಂದ ಪೋಷಕರದು ಇದರಲ್ಲಿ ಏನೂ ತಪ್ಪಿಲ್ಲ. ಮಗು ಹಸಿದಿದೆ ಎಂದು ಕೇಳಿದವರು ಇನ್ನೇನು ಮಾಡಿಯಾರು? ಅನ್ನ ಒಮ್ಮೊಮ್ಮೆ ಬೇಯದೆ ಹೋಗುವುದೂ ಈ ಕಲಿಕೆಯ ಭಾಗ ಎಂದು ನಾನು ಅವರಿಗೆ ಹೇಳಿರಲಿಲ್ಲ. ಹಾಗಾದಾಗ ನಾನು ಎಷ್ಟು ಹೊತ್ತು ಕಾಯುತ್ತೇನೆ, ಯಾವಾಗ ಕೈಹಾಕುತ್ತೇನೆ ಎಂಬುದನ್ನಂತೂ ನಾನೇ ಯೋಚಿಸಿರಲಿಲ್ಲ. ಸೌಟು ಕಿತ್ತುಕೊಂಡದ್ದು ಪೋಷಕರಲ್ಲ, ನಾನು.

ಪಟ್ರೋಲ್ ಪದ್ಧತಿ ಇತ್ತೀಚಿನ ಸುತ್ತೋಲೆಯಲ್ಲಿ ಬಂದ ಹೊಸ ವಿಚಾರವಲ್ಲ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಪ್ರಾಯೋಗಿಕ ಶಿಬಿರ ನಡೆಸಿದಾಗಲೇ ಅವರನ್ನು ನಾಲ್ಕು ಪಟ್ರೋಲುಗಳಾಗಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನು ನಾಯಕನನ್ನಾಗಿ ಮಾಡಿದ್ದರು. ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರೂ ದುಡಿಯುವ ಮನೆಗಳ ಹುಡುಗರೂ ಒಂದೇ ಗುಂಪಿನಲ್ಲಿದ್ದರು. ನಮ್ಮಲ್ಲಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡಿತು. ಇಲ್ಲಿಯೂ ದಳದ ಜೀವಾಳ ಆರೆಂಟು ಮಕ್ಕಳ ಪಟ್ರೋಲೇ. ಪಟ್ರೋಲ್ ಲೀಡರುಗಳು ಕೂಡಿ ದಳದ ಮಾತುಗಳನ್ನು ತೀರ್ಮಾನಿಸುವ ಕೋರ್ಟ್ ಆಫ್ ಆನರ್‌ನಲ್ಲಿ ಸ್ಕೌಟ್ ಮಾಸ್ಟರ್ ಸಲಹೆಗಾರ ಮಾತ್ರ. ನಾವು ತರಗತಿಯಲ್ಲಿ ವೈಗೋಟ್‌ಸ್ಕಿಯ ಬಗ್ಗೆ ಹೇಳುವಾಗ, ತನಗಿಂತ ತುಸು ಹೆಚ್ಚು ಬಲ್ಲವರ ನೆರವಿನಿಂದ ಮಗು ಮುಂದಿನ ಹೆಜ್ಜೆ ಇಡುತ್ತದೆ ಎನ್ನುತ್ತೇವಲ್ಲ, ಎಂಟನೇ ತರಗತಿಯ ಹುಡುಗನಿಗೆ ಒಂಬತ್ತನೇ ತರಗತಿಯ ಲೀಡರ್ ಅಂಥವನು.

ಆದರೆ ಪೋಷಕರಿಗೆ ಇದು ಗೊತ್ತಿರುವುದಿಲ್ಲ. ಅವರು ಕಂಡಿರುವುದು ನಮ್ಮ ಶಾಲೆಗಳ ಮಕ್ಕಳ ಸಂಸತ್ತನ್ನು. ಅಲ್ಲಿ ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ ಎಂದು ಮಕ್ಕಳು ಪ್ರಮಾಣವಚನ ಸ್ವೀಕರಿಸುತ್ತಾರೆ. ಮರುದಿನದಿಂದ ಎಲ್ಲ ತೀರ್ಮಾನ ಶಿಕ್ಷಕರದೇ. ಹಾಗಾಗಿ "ಮಕ್ಕಳೇ ನಡೆಸುತ್ತಾರೆ" ಎಂದು ಶಿಕ್ಷಕರು ವೇದಿಕೆಯ ಮೇಲಿಂದ ಹೇಳಿದರೆ ಅವರು ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಮಾತು ಶಿಕ್ಷಕರದು, ಮೌನ ಮಕ್ಕಳದು ಎಂಬುದನ್ನು ಅವರ ಕಣ್ಣೇ ನೋಡುತ್ತಿರುತ್ತದೆ.

ಎರಡನೇ ವರ್ಷ ಸಭೆಯನ್ನು ಹೇಗೆ ಮಾಡೋಣ ಎಂದು ಲೀಡರುಗಳನ್ನೇ ಕೇಳಿದೆ. ಅವರ ತೀರ್ಮಾನ ಚಿಕ್ಕದಾಗಿತ್ತು: ಭಾಷಣ ಬೇಡ, ಅಪ್ಪ ಅಮ್ಮಂದಿರನ್ನೇ ಪಟ್ರೋಲ್ ಮಾಡೋಣ. ಬಂದವರನ್ನು ನಾಲ್ಕು ಗುಂಪು ಮಾಡಿ, ಗುಂಪಿಗೊಬ್ಬ ಲೀಡರ್ ನಿಂತ. ಮೂರು ಕಲ್ಲಿನ ಒಲೆಯಲ್ಲಿ ಕಷಾಯ ಕಾಯಿಸುವುದು, ಕಂಬಕ್ಕೆ ಹಗ್ಗದ ಗಂಟು ಹಾಕುವುದು, ಇವೆರಡೇ ಕೆಲಸ. ಒಬ್ಬ ಅಪ್ಪನಿಗೆ ಒಲೆ ಹತ್ತದಿರುವುದನ್ನು ನೋಡಿ ತಡೆಯಲಾಗಲಿಲ್ಲ. ಬೆಂಕಿಪೊಟ್ಟಣಕ್ಕೆ ಕೈಹಾಕಿದರು. "ಮಾವ, ಬೆಂಕಿ ಹಚ್ಚೋ ಸರದಿ ಅವರದ್ದು, ನಿಮ್ಮದು ನೀರು" ಎಂದ ಲೀಡರ್. ಎಲ್ಲರೂ ನಕ್ಕರು. ಹಿನ್ನೀರಿನಲ್ಲಿ ಮೀನು ಹಿಡಿಯುವ ಇನ್ನೊಬ್ಬರು ಹುಡುಗ ತೋರಿಸುತ್ತಿದ್ದ ಗಂಟನ್ನು ಒಂದೇ ಕೈಯಲ್ಲಿ ಹಾಕಿ ತೋರಿಸಿದರು. ಹುಡುಗ ನಾಚಿಕೊಳ್ಳಲಿಲ್ಲ, "ನಮಗೂ ಹೇಳಿಕೊಡಿ" ಎಂದು ಹಗ್ಗ ಮುಂದೆ ಹಿಡಿದ. ಕಷಾಯ ಹೊಗೆ ವಾಸನೆ ಹೊಡೆಯುತ್ತಿತ್ತು. ಎಲ್ಲರೂ ಕುಡಿದರು.

"ಕೈಕಟ್ಟಿಕೊಂಡು ನಿಲ್ಲೋದು ಕಷ್ಟ ಮೇಷ್ಟ್ರೇ" ಎಂದರು ಬೆಂಕಿಪೊಟ್ಟಣದ ಆ ಅಪ್ಪ. ವಾರವಾರವೂ ನಾನು ಮಾಡಬೇಕಾದ ಕೆಲಸ ಅದೇ ಎಂದೆ. ಸ್ಕೌಟ್ ಮಾಸ್ಟರ್ ಎಂದರೇನು ಎಂಬುದು ಅವರಿಗೆ ಆಗ ಅರ್ಥವಾಯಿತು ಎಂದು ನನ್ನ ಎಣಿಕೆ.

ಆಮೇಲೆ ಪ್ರಶ್ನೆಗಳು ಬಂದವು. "ನಮ್ ಹುಡ್ಗ ರಾತ್ರಿ ಎದ್ದು ಹೆದರಿಕೊಂಡ್ರೆ ಯಾರು ನೋಡ್ತಾರೆ?" ಎಂದು ಒಬ್ಬ ತಾಯಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಲೀಡರ್ ಹೇಳಿದ: "ಹೋದ ವರ್ಷ ನಾನೂ ಹೆದರಿದ್ದೆ ಅಮ್ಮ. ನಮ್ಮ ಲೀಡರ್ ಎದ್ದು ಪಕ್ಕ ಕೂತಿದ್ದ." ಅವನು ಹೇಳಿದ ಆ ಲೀಡರ್ ಯಾರೆಂದು ನನಗೆ ಗೊತ್ತಿತ್ತು. ಅನ್ನ ಬೇಯಿಸಲಾಗದೆ ಒಲೆಯ ಬಳಿ ಕೂತಿದ್ದ ಹುಡುಗ ಆ ರಾತ್ರಿ ಇದನ್ನೂ ಮಾಡಿದ್ದ. ಅದು ನನಗೆ ಕಂಡಿರಲಿಲ್ಲ.

ಅದೇ ತಾಯಿ ಮತ್ತೆ ಕೇಳಿದರು: "ನೀರಿಗಿಳಿದ್ರೆ?"

ಹುಡುಗ ನನ್ನ ಕಡೆ ನೋಡಿದ. ಸಭೆ ಸುಮ್ಮನಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗಿನಿಂದ ಆ ಜನ ನೀರಿನ ನಡುವೆಯೇ ಬದುಕಿದವರು. ಅಜ್ಜನ ಮನೆ, ಗದ್ದೆ ಮುಳುಗಡೆಯಾದ ಕುಟುಂಬಗಳು ಅಲ್ಲಿ ಬಹಳ. ನೀರಿನ ಭಯವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಪ್ರಶ್ನೆಗೆ ಉತ್ತರಿಸುವುದು ಹದಿನಾಲ್ಕು ವರ್ಷದ ಹುಡುಗನ ಕೆಲಸವಲ್ಲ. ನಾನು ಎದ್ದು ನಿಂತು ಹೇಳಿದೆ: "ನೀರಿನ ವಿಷಯದಲ್ಲಿ ಯಾವ ತೀರ್ಮಾನವೂ ಮಕ್ಕಳದಲ್ಲ, ನನ್ನದು. ಶಿಬಿರದಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಶಿಕ್ಷಕರು ಜೊತೆಗಿಲ್ಲದೆ ಯಾರೂ ದಡಕ್ಕೆ ಹೋಗುವುದಿಲ್ಲ. ಜ್ವರ, ಗಾಯ, ಹಾವು, ಇವೂ ನನ್ನ ಹೊಣೆ. ಆಗ ತಕ್ಷಣ ನಿಮಗೆ ಫೋನ್ ಬರುತ್ತದೆ. ಅನ್ನ ಬೇಯದಿದ್ದರೆ ಮಾತ್ರ ಫೋನ್ ಬರುವುದಿಲ್ಲ. ಅದು ಅವರ ಹೊಣೆ. ಅವಲಕ್ಕಿ ನನ್ನ ಬಳಿ ಇರುತ್ತದೆ, ಯಾರೂ ಉಪವಾಸ ಮಲಗುವುದಿಲ್ಲ."

ನನ್ನ ಅಭಿಪ್ರಾಯ ಇಷ್ಟರಲ್ಲೇ ಇದೆ. ಮಕ್ಕಳು ನಡೆಸುವ ದಳವನ್ನು ಹೊಸ ಪೋಷಕರಿಗೆ ಮಕ್ಕಳೇ ಪರಿಚಯಿಸಬೇಕು. ಮಕ್ಕಳಿಗೆ ಒಪ್ಪಿಸದ ಹೊಣೆ ಯಾವುದು ಎಂಬುದನ್ನು ಮಾತ್ರ ಶಿಕ್ಷಕರು ತಮ್ಮ ಬಾಯಿಂದಲೇ ಸ್ಪಷ್ಟವಾಗಿ ಹೇಳಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಮಕ್ಕಳು ಹೇಳಬಹುದಾದ್ದನ್ನೆಲ್ಲ ನಾವು ಹೇಳಿ, ನಾವು ಹೇಳಲೇಬೇಕಾದ್ದನ್ನು ನುಂಗಿಬಿಡುತ್ತೇವೆ. ಸುರಕ್ಷತೆಯ ಗೆರೆ ಎಲ್ಲಿದೆ ಎಂದು ತಿಳಿದ ಪೋಷಕರು ಗೆರೆಯ ಒಳಗಿನ ಸಣ್ಣಪುಟ್ಟ ಸೋಲುಗಳನ್ನು ತಾಳಿಕೊಳ್ಳುತ್ತಾರೆ. ಗೆರೆಯೇ ಕಾಣದಿದ್ದರೆ ಬೇಯದ ಅನ್ನವೂ ಅವರಿಗೆ ಅಪಾಯವಾಗಿಯೇ ಕಾಣುತ್ತದೆ.

ಗೆರೆಯ ಆಚೆ ಇಡಬೇಕಾದ್ದು ಇನ್ನೊಂದಿದೆ. ಅದು ಸಭೆಯಲ್ಲಿ ಬರುವುದಿಲ್ಲ, ಸಭೆ ಮುಗಿದ ಮೇಲೆ ಬಾಗಿಲ ಬಳಿ ಮೆಲುದನಿಯಲ್ಲಿ ಬರುತ್ತದೆ: "ನಮ್ಮ ಹುಡುಗನ್ನ ನಮ್ಮವರಿರೋ ಪಟ್ರೋಲಿಗೆ ಹಾಕ್ತೀರಾ?" ಒಂದೇ ಪಾತ್ರೆಯಲ್ಲಿ ಬೇಯಿಸಿ ಉಣ್ಣುವಲ್ಲಿ ಈ ಕೋರಿಕೆಯ ಅರ್ಥ ನಮಗೆಲ್ಲ ಗೊತ್ತು. ಇದನ್ನು ಲೀಡರುಗಳ ತಲೆಗೆ ಕಟ್ಟಬಾರದು. "ಆಗುವುದಿಲ್ಲ" ಎಂದು ಶಿಕ್ಷಕರೇ ಹೇಳಬೇಕು, ಮರ್ಯಾದೆಯಿಂದಲೇ ಹೇಳಬೇಕು. ಹಾಗೆ ಹೇಳಿದ್ದಕ್ಕೆ ನನ್ನ ದಳದಿಂದ ಒಬ್ಬ ಹುಡುಗ ಹೊರಹೋದ. ಬೇಸರವಾಯಿತು. ಆದರೂ ಆ ಮಾತಿನಲ್ಲಿ ಸಡಿಲ ಬಿಡಬಾರದೆಂದೇ ಇಂದಿಗೂ ನನ್ನ ನಿಲುವು.

ಪ್ರಶಿಕ್ಷಣಾರ್ಥಿಗಳು ಎತ್ತುವ ಆಕ್ಷೇಪಗಳು ಎರಡು. ಮೊದಲನೆಯದು, ಪೋಷಕರು ಬರುವುದೇ ಇಲ್ಲ ಎಂಬುದು. ನಾಟಿಯ ದಿನ, ಅಡಿಕೆ ಕೊಯ್ಲಿನ ದಿನ, ಸಂಕ್ರಾಂತಿಯ ಸಿಗಂದೂರು ಜಾತ್ರೆಯ ಹಿಂದುಮುಂದಿನ ದಿನಗಳಲ್ಲಿ ಸಭೆ ಕರೆದರೆ ಯಾರು ಬಂದಾರು? ಭಕ್ತರಿಗಾಗಿ ಅಂಗಡಿ, ಹೋಟೆಲು ಇಟ್ಟುಕೊಂಡ ಮನೆಗಳು ಅಲ್ಲಿ ಎಷ್ಟೋ ಇವೆ. ದಿನ ಗೊತ್ತುಮಾಡುವ ಮೊದಲು ಮಕ್ಕಳನ್ನು ಕೇಳಿ, ಯಾರ ಮನೆಯಲ್ಲಿ ಯಾವಾಗ ಬಿಡುವು ಎಂದು ಅವರಿಗೆ ಗೊತ್ತಿರುತ್ತದೆ. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಕಡೆಯ ಲಾಂಚಿನ ನೆಪವೂ ನಮಗೆ ಉಳಿದಿಲ್ಲ. ಸಂಜೆ ಐದರ ಮೇಲೂ ಸಭೆ ನಡೆಸಬಹುದು.

ಎರಡನೆಯ ಆಕ್ಷೇಪ, ಮಕ್ಕಳು ಮಾತಿನಲ್ಲಿ ತಪ್ಪುತ್ತಾರೆ, ಶಾಲೆಯ ಮರ್ಯಾದೆ ಹೋಗುತ್ತದೆ ಎಂಬುದು. ತಪ್ಪುತ್ತಾರೆ, ನಿಜ. ನಮ್ಮ ಸಭೆಯಲ್ಲೂ ಒಬ್ಬ ಸೋಪಾನಗಳ ಕ್ರಮವನ್ನು ಅದಲುಬದಲು ಹೇಳಿದ. ಪಕ್ಕದವನು ತಿದ್ದಿದ. ಪೋಷಕರು ನೆನಪಿಟ್ಟುಕೊಂಡದ್ದು ತಿದ್ದಿದ್ದನ್ನು. ಆದರೆ ಮಕ್ಕಳ ಬಾಯಲ್ಲಿ ನಮ್ಮ ಭಾಷಣವನ್ನು ಉರುಹೊಡೆಸಿ ನಿಲ್ಲಿಸುವುದಾದರೆ ಬೇಡ, ಅದಕ್ಕಿಂತ ನಾವೇ ಮಾತಾಡುವುದು ಪ್ರಾಮಾಣಿಕ.

ನಮ್ಮ ಕಾಲೇಜಿಗೆ ಒಂದು ಸಲಹೆ ಇದೆ. ಇಂಟರ್ನ್‌ಶಿಪ್ಪಿನಲ್ಲಿ ಪಾಠಯೋಜನೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ ಎಲ್ಲಕ್ಕೂ ವೀಕ್ಷಣಾ ಪಟ್ಟಿಯಲ್ಲಿ ಜಾಗವಿದೆ. ಪೋಷಕರೊಂದಿಗಿನ ಒಂದು ಸಭೆಯನ್ನೂ ಬೋಧನಾಭ್ಯಾಸದ ಪಾಠವೆಂದೇ ಪರಿಗಣಿಸೋಣ. ಅದರ ಪಟ್ಟಿಯಲ್ಲಿ ಮೂರು ಪ್ರಶ್ನೆ ಸಾಕು. ಮಕ್ಕಳು ಎಷ್ಟು ಹೊತ್ತು ಮಾತಾಡಿದರು? ಪೋಷಕರು ಏನು ಕೇಳಿದರು? ತನ್ನ ಹೊಣೆ ಯಾವುದೆಂದು ಶಿಕ್ಷಕರು ಹೇಳಿದರೇ?

ಅಂದು ಸಭೆ ಮುಗಿದ ಮೇಲೆ ಆ ಪ್ರಶಿಕ್ಷಣಾರ್ಥಿಗೆ ನನ್ನ ಮೊದಲ ವರ್ಷದ ಕಥೆ ಹೇಳಿದೆ. ಮುಂದಿನ ಸಲ ನೀರು ನೀವು ಕೊಡಿ, ಮಾತು ಆ ಎಂಟು ಹುಡುಗರು ಆಡಲಿ ಎಂದೆ. ಅವರು ಒಪ್ಪಿದ್ದಾರೆ. ಜಾತ್ರೆ ಕಳೆದ ಮೇಲೆ ಮತ್ತೊಂದು ಸಭೆ ಇದೆ. ನಾನೂ ಹೋಗುತ್ತಿದ್ದೇನೆ, ಹಿಂದಿನ ಬೆಂಚಿನಲ್ಲಿ ಕೂರಲು.